ಲಿವರ್ ಕೆಟ್ಟರೆ ಶ್ವಾಸಕೋಶದ ರಕ್ತನಾಳಕ್ಕೇನು? ವೈವಾದಲ್ಲಿ ಎಡವಿದವನ ಟಿಪ್ಪಣಿ

ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇರುವವರಿಗೆ ಏದುಸಿರು ಯಾಕೆ ಬರುತ್ತದೆ ಅಂತ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದ್ದರು. ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ನೀರು, ರಕ್ತ ಕಮ್ಮಿ ಅಂದೆ. ತಪ್ಪೇನಲ್ಲ, ವಾರ್ಡಿನಲ್ಲಿ ಅವೇ ಜಾಸ್ತಿ ಸಿಗುವುದು. "ಅವು ಯಾವುದೂ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ, ಆಗ?" ಅಂದರು ನೋಡಿ, ಹೆಪಟೋಪಲ್ಮನರಿ ಸಿಂಡ್ರೋಮ್ ಮತ್ತು ಪೋರ್ಟೋಪಲ್ಮನರಿ ಹೈಪರ್‌ಟೆನ್ಶನ್ ಎರಡನ್ನೂ ಕಲಸಿ ಒಂದೇ ಕಾಯಿಲೆ ಮಾಡಿ ಹೇಳಿಬಿಟ್ಟೆ. ಹೆಸರು ಹಾಗೇ ಇವೆ ಅಲ್ವಾ, ಆದರೆ ಮೊದಲನೆಯದರಲ್ಲಿ ಶ್ವಾಸಕೋಶದ ರಕ್ತನಾಳ ಹಿಗ್ಗುತ್ತದೆ, ಎರಡನೆಯದರಲ್ಲಿ ಬಿಗಿಯುತ್ತದೆ.

ನಮ್ಮದು ಶಿರಸಿ ಕಡೆ, ಮನೆ ಹಿಂದೆಯೇ ಅಡಿಕೆ ತೋಟ. ತೋಟದ ಕಾದಿಗೆ (ನೀರು ಹರಿಯುವ ಕಾಲುವೆ) ನೆನಪಿಸಿಕೊಂಡ ಮೇಲೇ ನನಗಿದು ತಲೆಗೆ ಹೋಗಿದ್ದು. ಕಿರಿದಾದ ಕಾಲುವೆಯಲ್ಲಿ ಹರಿಯುವ ನೀರೆಲ್ಲ ಅಂಚಿನ ಮಣ್ಣಿಗೆ ತಾಗಿಕೊಂಡೇ ಹೋಗುತ್ತದೆ. ಅದನ್ನೇ ನಾಲ್ಕು ಪಟ್ಟು ಅಗಲ ಮಾಡಿದರೆ ನಡುವಿನ ನೀರು ಮಣ್ಣು ಮುಟ್ಟದೇ ಓಡಿಬಿಡುತ್ತದೆ. ಶ್ವಾಸಕೋಶದ ಕ್ಯಾಪಿಲರಿ (ಅತಿ ಸಣ್ಣ ರಕ್ತನಾಳ) ಸುಮಾರು 8ರಿಂದ 15 ಮೈಕ್ರಾನ್ ಅಗಲ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಕೆಂಪು ರಕ್ತಕಣ ಒಂದರ ಹಿಂದೊಂದು ಗೋಡೆಗೆ ಒತ್ತಿಕೊಂಡು ಸಾಗುತ್ತವೆ, ಆಕ್ಸಿಜನ್ ಸುಲಭಕ್ಕೆ ಸಿಗುತ್ತದೆ. ಹೆಪಟೋಪಲ್ಮನರಿಯಲ್ಲಿ ಇದೇ ನಾಳ 100 ಮೈಕ್ರಾನ್‌ವರೆಗೆ, ಕೆಲವು ಸಲ ಅದಕ್ಕೂ ಜಾಸ್ತಿ ಹಿಗ್ಗುತ್ತದೆ. ನಡುವಿನ ಕಣಗಳಿಗೆ ಆಕ್ಸಿಜನ್ ಸಾಕಷ್ಟು ತಲುಪುವುದಿಲ್ಲ, ಮೇಲಿಂದ ಸಿರೋಸಿಸ್‌ನಲ್ಲಿ ರಕ್ತದ ಓಟವೂ ಜೋರು.

ನಾಳವನ್ನು ಹಿಗ್ಗಿಸುವುದು ಮುಖ್ಯವಾಗಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ. ಕರುಳಿನ ಬ್ಯಾಕ್ಟೀರಿಯಾ ಮತ್ತು ಅವುಗಳ ವಿಷವನ್ನು ಲಿವರ್ ಸೋಸದೇ ಬಿಟ್ಟಾಗ ಅವು ಶ್ವಾಸಕೋಶಕ್ಕೆ ಬಂದು ಉರಿಯೂತ ಎಬ್ಬಿಸುತ್ತವೆ, ಅಲ್ಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿ ತಯಾರಾಗುತ್ತದೆ.

ಈಗ ಪರೀಕ್ಷೆಗೂ ವಾರ್ಡಿಗೂ ಬೇಕಾದದ್ದು. ಹೃದಯ ಸೋತವರಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಾಯೆನಿಸುತ್ತದೆ. ಹೆಪಟೋಪಲ್ಮನರಿಯಲ್ಲಿ ಉಲ್ಟಾ. ಎದ್ದು ನಿಂತರೆ ಏದುಸಿರು, ಮಲಗಿದರೆ ಆರಾಮ. ಹಿಗ್ಗಿದ ನಾಳಗಳು ಶ್ವಾಸಕೋಶದ ಬುಡದಲ್ಲೇ ಜಾಸ್ತಿ, ನಿಂತಾಗ ರಕ್ತವೂ ಅಲ್ಲಿಗೇ ಇಳಿಯುತ್ತದೆ. ಇದಕ್ಕೆ ಪ್ಲಾಟಿಪ್ನಿಯಾ ಅನ್ನುತ್ತಾರೆ. ನಿಂತಾಗ ರಕ್ತದ ಆಕ್ಸಿಜನ್ 5% ಗಿಂತ ಜಾಸ್ತಿ ಅಥವಾ 4 ಮಿಮೀ (ಪಾದರಸದ ಅಳತೆಯ ಒತ್ತಡ, ಮುಂದಿನ ಅಂಕಿಗಳೂ ಅದೇ ಅಳತೆ) ಇಳಿದರೆ ಆರ್ಥೋಡಿಯಾಕ್ಸಿಯಾ. ಬೆರಳ ತುದಿ ಉಬ್ಬಿದೆಯಾ, ಎದೆ ಮೇಲೆ ಜೇಡದಂಥ ಕೆಂಪು ಗೆರೆ ಇದೆಯಾ ಅಂತಲೂ ನೋಡಿ.

ಲೆಕ್ಕದಲ್ಲಿ ಒಂದು ಕಿತಾಪತಿ ಇದೆ. ಹೆಪಟೋಪಲ್ಮನರಿ ಅನ್ನಬೇಕಾದರೆ ಗಾಳಿಗೂಡಿನ (ಶ್ವಾಸಕೋಶದ ಪುಟ್ಟ ಗಾಳಿಚೀಲ) ಮತ್ತು ರಕ್ತದ ಆಕ್ಸಿಜನ್ ಅಂತರ 15 ಮಿಮೀ ಅಥವಾ ಮೇಲಿರಬೇಕು, 64 ವರ್ಷ ದಾಟಿದವರಲ್ಲಿ 20. ಕಾರವಾರ ಸಮುದ್ರಮಟ್ಟದಲ್ಲಿದೆ, ಹಾಗಾಗಿ ಗಾಳಿಯ ಒತ್ತಡಕ್ಕೆ ಪುಸ್ತಕದ 760 ಸುಮ್ನೆ ಹಾಕಬಹುದು: 760ರಲ್ಲಿ ನೀರಾವಿಯ 47 ಕಳೆದು 0.21ರಿಂದ (ಗಾಳಿಯಲ್ಲಿ ಆಕ್ಸಿಜನ್ ಪಾಲು) ಗುಣಿಸಿದರೆ ಸುಮಾರು 150. ರೋಗಿಯ ಕಾರ್ಬನ್ ಡೈಆಕ್ಸೈಡ್ 32 ಇದ್ದರೆ ಅದನ್ನು 0.8ರಿಂದ ಭಾಗಿಸಿ, 40. 150ರಲ್ಲಿ ಇದನ್ನು ಕಳೆದರೆ ಉಳಿದದ್ದು 110, ಅದು ಗಾಳಿಗೂಡಿನ ಆಕ್ಸಿಜನ್. ರಕ್ತದಲ್ಲಿ 62 ಇದ್ದರೆ ಅಂತರ 48. ಇದೇ ರೋಗಿಯ ರಕ್ತವನ್ನು ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ತೆಗೆದು ಇದೇ ಅಂಕಿ ಬಂದಿದ್ದರೆ? ಅಲ್ಲಿ ಗಾಳಿಯ ಒತ್ತಡ 707ರ ಆಸುಪಾಸು, ಅಂತರ 37ಕ್ಕೆ ಇಳಿಯುತ್ತದೆ. ಹನ್ನೊಂದರ ಫರಕು. 15ರ ಗಡಿಯಲ್ಲಿ ನಿಂತವರಿಗೆ ಇದು ಸಣ್ಣದಲ್ಲ.

ನಾಳ ಹಿಗ್ಗಿರುವುದನ್ನು ತೋರಿಸುವುದು ಬಬಲ್ ಎಕೋ, ಅಂದರೆ ಗುಳ್ಳೆ ಬಿಟ್ಟು ಮಾಡುವ ಹೃದಯದ ಸ್ಕ್ಯಾನ್. ಕುಲುಕಿದ ಸಲೈನ್ ರಕ್ತನಾಳಕ್ಕೆ ಕೊಟ್ಟರೆ ಅದರ ಗುಳ್ಳೆಗಳು ಶ್ವಾಸಕೋಶದಲ್ಲೇ ಸಿಕ್ಕಿಬೀಳಬೇಕು. ಹೃದಯದ ಮೂರು ಬಡಿತ ಕಳೆದ ಮೇಲೆ ಎಡ ಹೃದಯದಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶದ ನಾಳ ದೊಡ್ಡದಾಗಿದೆ ಅಂತ. ಅದಕ್ಕೂ ಮೊದಲೇ ಕಂಡರೆ ಹೃದಯದಲ್ಲೇ ತೂತಿರಬೇಕು.

ಇನ್ನು ಪೋರ್ಟೋಪಲ್ಮನರಿ. ಇಲ್ಲಿ ಕಾಲುವೆಗೆ ಹೂಳು ತುಂಬಿದ ಹಾಗೆ. ಸಣ್ಣ ಅಪಧಮನಿಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ, ಹಿಂದೆ ಒತ್ತಡ ಏರುತ್ತದೆ, ಬಲ ಹೃದಯ ಸುಸ್ತಾಗುತ್ತದೆ. ಎಕೋದಲ್ಲಿ ಅನುಮಾನ ಬಂದರೂ ಖಚಿತಕ್ಕೆ ಬಲ ಹೃದಯದ ಕ್ಯಾತಿಟರ್ (ನಾಳದೊಳಗೆ ಸಣ್ಣ ಕೊಳವೆ ಹಾಕಿ ಒತ್ತಡ ಅಳೆಯುವುದು) ಬೇಕೇ ಬೇಕು. ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡದ ಗಡಿ ಮೊದಲು 25 ಇತ್ತು, 2022ರ ಯುರೋಪಿನ ಮಾರ್ಗಸೂಚಿಯಲ್ಲಿ 20ಕ್ಕಿಂತ ಮೇಲೆ ಅಂತಾಯಿತು, ಹಳೇ ಪುಸ್ತಕ ಓದುವವರು ಗಮನಿಸಿ. ಈ ಒತ್ತಡ ಇಳಿಸಲು ಸಿಲ್ಡೆನಾಫಿಲ್, ಮ್ಯಾಸಿಟೆಂಟಾನ್ ಥರದ ಔಷಧ ಇವೆ. ಲಿವರ್ ರೋಗಿಗಳಿಗೆ ಮಾಮೂಲಾಗಿ ಬರೆಯುವ ಪ್ರೊಪ್ರನೊಲಾಲ್ (ಹೃದಯ ಬಡಿತ ತಗ್ಗಿಸುವ ಮಾತ್ರೆ) ಇಲ್ಲಿ ಬಲ ಹೃದಯವನ್ನು ಇನ್ನೂ ಕುಗ್ಗಿಸಬಹುದು, ನನಗೆ ಇದೇ ದೊಡ್ಡ ಬಲೆ ಅನಿಸಿದ್ದು.

ಲಿವರ್ ಕಸಿಯ ಮಾತು ಬಂದಾಗಲೂ ಎರಡು ಎದುರುಬದುರು. ಹೆಪಟೋಪಲ್ಮನರಿಯಲ್ಲಿ ರಕ್ತದ ಆಕ್ಸಿಜನ್ 60 ಮಿಮೀಗಿಂತ ಕೆಳಗಿಳಿದಿದೆ ಅನ್ನುವುದೇ ಕಸಿಗೆ ಕಾರಣ, ಯಾಕೆಂದರೆ ಬೇರೆ ಔಷಧ ಯಾವುದೂ ನೆಚ್ಚುವ ಹಾಗಿಲ್ಲ. ಪೋರ್ಟೋಪಲ್ಮನರಿಯಲ್ಲಿ ಒತ್ತಡ 35 ಮುಟ್ಟಿದರೆ ಕಸಿ ಅಪಾಯ, ಮೊದಲು ಔಷಧದಿಂದ ಇಳಿಸಬೇಕು. 50 ದಾಟಿದ್ದರೆ ಮುಟ್ಟುವುದಿಲ್ಲ.

ಕಸಿಯಾದ ಮರುದಿನವೇ ಹಿಗ್ಗಿದ ನಾಳ ಕುಗ್ಗುವುದಿಲ್ಲ, ತಿಂಗಳುಗಟ್ಟಲೆ, ಕೆಲವರಿಗೆ ಒಂದು ವರ್ಷ ಬೇಕು. ಅಲ್ಲಿವರೆಗೆ ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಳ್ಳಬೇಕಾಗಬಹುದು. ಘಟ್ಟದ ಮೇಲಿನ ಹಳ್ಳಿಯವರಾದರೆ ಮಳೆಗಾಲದಲ್ಲಿ ಕರೆಂಟು ಎಷ್ಟು ದಿನ ಹೋಗುತ್ತದೆ, ಸಿಲಿಂಡರ್ ಎಲ್ಲಿಂದ ತರುತ್ತೀರಿ ಅಂತ ಡಿಸ್ಚಾರ್ಜಿಗೆ ಮೊದಲೇ ಕೇಳಿಟ್ಟುಕೊಳ್ಳಿ.