33 ಮಿಲಿಮೀಟರ್ ದಾರಿ ಮತ್ತು ಒಂದು ಹಳದಿ ಲೋಳೆ

ಮಳೆಗಾಲದಲ್ಲಿ ಮಲೆನಾಡಿನ ಕಾಡು ಹೊಕ್ಕವರು ಕೊಳೆತ ದಿಮ್ಮಿಯ ಮೇಲೆ ಹಳದಿ ಲೋಳೆಯೊಂದು ಬಲೆಯಂತೆ ಹರಡಿರುವುದನ್ನು ಕಂಡಿರಬಹುದು. ಬೆಳಿಗ್ಗೆ ಕಂಡ ಜಾಗದಲ್ಲಿ ಅದು ಸಂಜೆಗೆ ಇರಲೇಬೇಕೆಂದಿಲ್ಲ, ನಿಧಾನವಾಗಿ ತೆವಳುತ್ತದೆ. ಇದೇ ಸ್ಲೈಮ್ ಮೋಲ್ಡ್, ಕನ್ನಡದಲ್ಲಿ ಲೋಳೆ ಬೂಷ್ಟು. ಇದರ ಬಗ್ಗೆ ಓದಲು ಹೊರಟರೆ ಒಂದು ಕಡೆ ‘ಟೋಕಿಯೊ ರೈಲು ಜಾಲವನ್ನೇ ರೂಪಿಸಿದ ಮೇಧಾವಿ’ ಎಂಬ ಹೊಗಳಿಕೆ, ಇನ್ನೊಂದು ಕಡೆ ‘ಎಲ್ಲ ಬರೀ ರಸಾಯನ ಕ್ರಿಯೆ’ ಎಂಬ ತಾತ್ಸಾರ. ನಡುವೆ ನಿಜವಾಗಿ ಏನು ನಡೆಯಿತೆಂಬುದೇ ಮರೆಯಾಗುತ್ತದೆ.

ತೊಡಕು ಹೆಸರಿನಿಂದಲೇ ಶುರು. 18ನೇ ಶತಮಾನದವರು ಇದನ್ನು ಅಣಬೆಗಳ ಸಾಲಿಗೆ ಸೇರಿಸಿದರು, 19ನೇ ಶತಮಾನದ ಮಧ್ಯದಲ್ಲಿ ಜರ್ಮನಿಯ ಆಂಟನ್ ಡೆ ಬಾರಿ ಪ್ರಾಣಿಗಳತ್ತ ಎಳೆದರು, ಈಗ ಅದು ಅಮೀಬಾಗಳ ಬಳಗದಲ್ಲಿದೆ. ಪ್ರಯೋಗಾಲಯಗಳಲ್ಲಿ ಓಟ್ಸ್ ಹಾಕಿ ಸಾಕುವ ಪ್ರಭೇದ ಫೈಸಾರಮ್ ಪಾಲಿಸೆಫಲಮ್. ಅಂಗೈಯಗಲ ಹರಡಿದರೂ ಅದು ಒಂದೇ ಜೀವಕೋಶ. ಒಳಗೆ ಅಸಂಖ್ಯ ಕೋಶಕೇಂದ್ರಗಳು. ನರವಿಲ್ಲ, ಮಿದುಳಿಲ್ಲ.

2000ನೇ ಇಸವಿಯಲ್ಲಿ ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಇಬ್ಬರು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ವರದಿಯಿಂದ ಚರ್ಚೆಯ ದಿಕ್ಕು ಬದಲಾಯಿತು. ಒದ್ದೆಯಾದ ಅಗರ್ (ಕಡಲ ಪಾಚಿಯಿಂದ ತೆಗೆದ ಜೆಲ್ಲಿ) ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಮಾಡಿದ ಚಕ್ರವ್ಯೂಹ. ಲೋಳೆಗೆ ಒಣ ಪ್ಲಾಸ್ಟಿಕ್ ಆಗದು, ಒದ್ದೆ ಓಣಿಗಳಲ್ಲೇ ಹರಿಯಬೇಕು. ಇಲ್ಲಿ ಬಹುತೇಕ ಎಲ್ಲರೂ ಬಿಟ್ಟುಬಿಡುವ ಒಂದು ವಿವರವಿದೆ. ಲೋಳೆ ಒಂದು ಬಾಗಿಲಿನಿಂದ ಹೊರಟು ದಾರಿ ಹುಡುಕಿಕೊಂಡು ಇನ್ನೊಂದು ಬಾಗಿಲಿಗೆ ಬರಲಿಲ್ಲ. ಅದರ ತುಂಡುಗಳನ್ನು ಮೊದಲೇ ಓಣಿಗಳಲ್ಲೆಲ್ಲ ಇಟ್ಟಿದ್ದರು. ಅವು ಕೂಡಿಕೊಂಡು ಇಡೀ ವ್ಯೂಹವನ್ನು ತುಂಬಿದವು. ಆಮೇಲೆ ಎರಡು ಬಾಗಿಲುಗಳಲ್ಲಿ ಓಟ್ಸ್ ಪುಡಿ ಬೆರೆಸಿದ ಅಗರ್ ತುಂಡುಗಳನ್ನಿಟ್ಟರು.

ಆಹಾರವಿಟ್ಟು ನಾಲ್ಕು ಗಂಟೆಯಾಗುವ ಹೊತ್ತಿಗೆ ಕುರುಡು ಓಣಿಗಳಿಂದ ಲೋಳೆ ಹಿಂದೆ ಸರಿದಿತ್ತು. ಮತ್ತೆ ನಾಲ್ಕು ಗಂಟೆಗೆ ಎರಡು ಬಾಗಿಲುಗಳನ್ನು ಸೇರಿಸುವ ಒಂದೇ ದಪ್ಪ ನಾಳ ಉಳಿದಿತ್ತು. ದಾರಿ ಕವಲಾಗುವ ಒಂದು ಕಡೆ 41 ಮತ್ತು 33 ಮಿಲಿಮೀಟರಿನ ಎರಡು ಹಾದಿಗಳಿದ್ದವು. ಹೆಚ್ಚಿನ ಪ್ರಯೋಗಗಳಲ್ಲಿ 33ರದ್ದೇ ಉಳಿಯಿತು. ಇನ್ನೊಂದು ಕವಲಿನಲ್ಲಿ 44 ಮತ್ತು 45. ಅಲ್ಲಿ ಕೆಲವೊಮ್ಮೆ ಇದು ಉಳಿಯಿತು, ಕೆಲವೊಮ್ಮೆ ಅದು. ನನಗೆ ಈ ಎರಡನೆಯ ಕವಲೇ ಹೆಚ್ಚು ಮುಖ್ಯ. ಎಂಟು ಮಿಲಿಮೀಟರ್ ವ್ಯತ್ಯಾಸ ಲೋಳೆಗೆ ತಿಳಿಯುತ್ತದೆ, ಒಂದು ಮಿಲಿಮೀಟರ್ ತಿಳಿಯುವುದಿಲ್ಲ. ಒಳಗೊಂದು ಅಳತೆ ನಡೆಯುತ್ತಿದೆ, ಅದಕ್ಕೊಂದು ಮಿತಿಯೂ ಇದೆ.

ಆ ಅಳತೆ ಹೇಗೆ ನಡೆಯುತ್ತದೆ? ಸೂಕ್ಷ್ಮದರ್ಶಕದಡಿ ಒಂದು ನಾಳವನ್ನು ನೋಡಿದರೆ ಕಾಳುಕಾಳಾದ ಹಳದಿ ರಸ ಹೊಳೆಯಂತೆ ಒಂದು ದಿಕ್ಕಿಗೆ ನುಗ್ಗುತ್ತದೆ, ಸುಮಾರು ಒಂದು ನಿಮಿಷದ ಬಳಿಕ ಮಂದವಾಗಿ ನಿಲ್ಲುತ್ತದೆ, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುತ್ತದೆ. ನಾಳದ ಗೋಡೆ ಹಿಗ್ಗಿ ಕುಗ್ಗುವುದರಿಂದ ಆಗುವ ಹರಿವು ಇದು. ಅಡಿಕೆ ತೋಟಕ್ಕೆ ನೀರು ಬಿಟ್ಟವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ನೀರು ಜೋರಾಗಿ ಹರಿದ ಕಾಲುವೆ ಅಗಲವಾಗುತ್ತದೆ, ಹರಿಯದ ಕಾಲುವೆಯಲ್ಲಿ ಹೂಳು ತುಂಬುತ್ತದೆ. ಉದ್ದದ ನಾಳದಲ್ಲಿ ಹರಿವಿಗೆ ತಡೆ ಹೆಚ್ಚು, ಹಾಗಾಗಿ ಅದು ಸಪೂರವಾಗುತ್ತದೆ. ಸಪೂರವಾದಷ್ಟೂ ಹರಿವು ಇನ್ನೂ ಕಡಿಮೆಯಾಗಿ ಕೊನೆಗೆ ಬತ್ತುತ್ತದೆ. ಅತ್ಸುಶಿ ತೆರೊ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಸಮೀಕರಣವಾಗಿ ಬರೆದರು. ಆ ಸಮೀಕರಣ ಅತಿ ಹತ್ತಿರದ ದಾರಿಯನ್ನೇ ತಲುಪುತ್ತದೆಂದು 2012ರಲ್ಲಿ ಬೊನಿಫಾಚಿ, ಮೆಲ್‌ಹಾರ್ನ್ ಮತ್ತು ಗಿರೀಶ್ ವರ್ಮ ಗಣಿತದಲ್ಲಿ ಸಾಧಿಸಿ ತೋರಿಸಿದರು. ಇಡೀ ನಕ್ಷೆಯನ್ನು ಬಲ್ಲ ಅಂಗ ಆ ದೇಹದಲ್ಲಿ ಯಾವುದೂ ಇಲ್ಲ. ಪ್ರತಿ ನಾಳಕ್ಕೂ ತನ್ನೊಳಗಿನ ಹರಿವು ಮಾತ್ರ ಗೊತ್ತು, ಆದರೂ ಉತ್ತರ ಇಡೀ ನಕ್ಷೆಗೆ ಸರಿಹೊಂದುತ್ತದೆ. ಇದಕ್ಕಿಂತ ದೊಡ್ಡ ಬೆರಗು ಬೇಕೆ?

ಆದರೆ ಹೊರಗೆ ಹರಡಿದ್ದು ಬೇರೆಯೇ ಪದ. 2000ದ ವರದಿ ಜೀವಕೋಶದ ದ್ರವ್ಯದಲ್ಲಿ ‘ಆದಿಮ ಬುದ್ಧಿಮತ್ತೆ’ಯ ಮಾತಾಡಿತ್ತು. ಬಾಯಿಂದ ಬಾಯಿಗೆ ಹೋಗುವಾಗ ‘ಆದಿಮ’ ಉದುರಿ ‘ಬುದ್ಧಿಮತ್ತೆ’ಯಷ್ಟೇ ಉಳಿಯಿತು.

2010ರ ಟೋಕಿಯೊ ಪ್ರಯೋಗಕ್ಕೂ ಹೀಗೇ ಆಯಿತು. ಟೋಕಿಯೊ ಸುತ್ತಲಿನ ಊರುಗಳ ಜಾಗದಲ್ಲಿ 36 ಕಡೆ ಆಹಾರವಿಟ್ಟು, ಟೋಕಿಯೊ ಇರುವಲ್ಲಿ ಲೋಳೆಯನ್ನು ಬಿಟ್ಟರು. ಬೆಳಕೆಂದರೆ ಲೋಳೆಗೆ ಆಗದು. ಹಾಗಾಗಿ ಬೆಟ್ಟ ಮತ್ತು ಕಡಲಿನ ಅಡ್ಡಿಯನ್ನು ಬೆಳಕು ಚೆಲ್ಲಿ ತೋರಿಸಿದರು. ಅದು ಮೊದಲು ಎಲ್ಲೆಡೆ ಹರಡಿ, ಒಂದು ದಿನದ ಆಚೀಚೆಯಲ್ಲಿ ನಾಳಗಳ ಜಾಲವಾಗಿ ಇಳಿಯಿತು. ಖರ್ಚು, ದಕ್ಷತೆ, ಒಂದು ಕೊಂಡಿ ಕಡಿದರೂ ತಾಳಿಕೊಳ್ಳುವ ಗುಣ ಈ ಮೂರರಲ್ಲೂ ಆ ಜಾಲ ನಿಜವಾದ ರೈಲು ಜಾಲಕ್ಕೆ ಹೋಲಿಸಬಹುದಾದಷ್ಟು ಚೆನ್ನಾಗಿತ್ತು ಎಂಬುದು ‘ಸೈನ್ಸ್’ ಪತ್ರಿಕೆಯ ಲೇಖನದ ತೀರ್ಮಾನ. ಲೋಳೆ ರೈಲು ಮಾರ್ಗವನ್ನೇ ಮರುಸೃಷ್ಟಿಸಿತು ಎಂಬ ಮಾತು ಆಮೇಲೆ ಬೆಳೆದದ್ದು.

ಈಚಿನ ಜಗಳ ನೆನಪಿನದು. ಲೋಳೆ ತಾನು ಹರಿದ ಜಾಗದಲ್ಲಿ ಬಿಟ್ಟುಹೋಗುವ ಜಿಗುಟು ಗುರುತನ್ನು ಮತ್ತೆ ತುಳಿಯುವುದಿಲ್ಲ. ಅಂದರೆ ನೆನಪನ್ನು ನೆಲದ ಮೇಲೆ ಇಟ್ಟು ಹೋಗುತ್ತದೆ. 2012ರಲ್ಲಿ ನಡೆದ ಪ್ರಯೋಗದಲ್ಲಿ ‘ಯು’ ಆಕಾರದ ಬಲೆಯನ್ನು ದಾಟಿ ಆಹಾರ ಮುಟ್ಟಿದವು ನೂರಕ್ಕೆ 96. ನೆಲಕ್ಕೆಲ್ಲ ಮೊದಲೇ ಆ ಜಿಗುಟನ್ನು ಬಳಿದು ಗುರುತು ತಿಳಿಯದಂತೆ ಮಾಡಿದಾಗ ಈ ಪ್ರಮಾಣ 33ಕ್ಕೆ ಇಳಿಯಿತು. ಫ್ರಾನ್ಸಿನ ತುಲೂಸ್‌ನಲ್ಲಿ ಆಡ್ರೆ ಡುಸುಟೂರ್ ತಂಡ ಆಹಾರಕ್ಕೆ ಹೋಗುವ ಸೇತುವೆಗೆ ಕಹಿ ಕ್ವಿನೈನ್ ಬೆರೆಸಿತು. ಮೊದಲ ದಿನ ತಡವರಿಸಿದ ಲೋಳೆ ಕೆಲವು ದಿನಗಳಲ್ಲಿ ನಿಶ್ಚಿಂತೆಯಿಂದ ದಾಟತೊಡಗಿತು. ಉಪ್ಪಿಗೆ ಹೀಗೆ ಪಳಗಿದ್ದನ್ನು ಪಳಗದ ಇನ್ನೊಂದರ ಜೊತೆ ಕೂಡಲು ಬಿಟ್ಟು, ಒಂದು ಗಂಟೆಗೇ ಬೇರ್ಪಡಿಸಿದರೆ ಏನೂ ಆಗಲಿಲ್ಲ. ನಡುವೆ ನಾಳ ಮೂಡುವಷ್ಟು, ಅಂದರೆ ಮೂರು ಗಂಟೆ ಬಿಟ್ಟು ಬೇರ್ಪಡಿಸಿದರೆ ಪಳಗದ್ದೂ ಹಿಂಜರಿಯದೆ ದಾಟಿತು. ನಾಳದ ಮೂಲಕ ದಾಟಿ ಹೋದದ್ದೇನೆಂಬ ಪ್ರಶ್ನೆಗೆ 2019ರಲ್ಲಿ ಅದೇ ತಂಡಕ್ಕೆ ಸಿಕ್ಕ ಉತ್ತರ ಸರಳವಾಗಿತ್ತು. ಪಳಗುವಾಗ ಲೋಳೆ ಒಳಕ್ಕೆ ಹೀರಿಕೊಂಡ ಉಪ್ಪೇ ಅದರ ನೆನಪು. ಒಣಗಿ ಹಕ್ಕಳೆಯಾಗಿ ಒಂದು ತಿಂಗಳು ನಿದ್ರಿಸಿ ಎದ್ದ ಮೇಲೂ ಉಪ್ಪು ಒಳಗೆ ಹಾಗೇ ಇತ್ತು, ಸೇತುವೆಯ ಪರಿಚಯವೂ ಉಳಿದಿತ್ತು.