ನೀಲಿಯ ನಡುವಿನ ಕಂದು ಗಿಟಾರು

ದಾವಣಗೆರೆಯಲ್ಲಿ ಚಿತ್ರಕಲೆ ಕಲಿಸುತ್ತ ಬಂದ ಇಷ್ಟು ವರ್ಷಗಳಲ್ಲಿ, ಸ್ಪೇನಿನ ಚಿತ್ರಕಾರ ಪಿಕಾಸೊ ಕೆಲವು ವರ್ಷ ಹೆಚ್ಚಾಗಿ ನೀಲಿಯಲ್ಲಿ, ಅನಂತರ ಗುಲಾಬಿಯಲ್ಲಿ ಚಿತ್ರ ಬರೆದ ಹಂತಗಳ ಕುರಿತ ಪ್ರಶ್ನೆಗೆ ವಿದ್ಯಾರ್ಥಿಗಳು ಬರೆಯುವ ಉತ್ತರ ಬದಲಾಗಿದ್ದನ್ನು ನಾನು ಕಂಡಿಲ್ಲ. ಗೆಳೆಯ ಸತ್ತ, ಹಾಗಾಗಿ ನೀಲಿ ಬಂತು. ಪ್ರೇಯಸಿ ಸಿಕ್ಕಳು, ಹಾಗಾಗಿ ಗುಲಾಬಿ ಬಂತು. ಮನೆಗೆಂದು ಚಿತ್ರ ಬರೆಸಲು ಬರುವವರೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ: ನಡುಮನೆಗೆ ನೀಲಿ ಬೇಡ ಸಾರ್, ಅದು ದುಃಖದ ಬಣ್ಣವಂತೆ. ನೀಲಮೇಘಶ್ಯಾಮನ ಪಟಕ್ಕೆ ದಿನವೂ ಹೂವಿಟ್ಟು ಕೈಮುಗಿಯುವ ಮನೆಯವರ ಬಾಯಲ್ಲಿ ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮೊದಲು ಕಾಲಕ್ರಮವನ್ನು ನೋಡಬೇಕು. ಆ ಗೆಳೆಯ, ಕಾರ್ಲೆಸ್ ಕಾಸಾಗೆಮಾಸ್, ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಗುಂಡು ಹಾರಿಸಿಕೊಂಡದ್ದು 1901ರ ಫೆಬ್ರವರಿಯಲ್ಲಿ. ಆಗ ಪಿಕಾಸೊ ಸ್ಪೇನಿನಲ್ಲಿದ್ದ. ಅದೇ ವರ್ಷದ ಜೂನ್‌ನಲ್ಲಿ ಪ್ಯಾರಿಸ್ಸಿನ ಕಲಾವ್ಯಾಪಾರಿ ವೊಲ್ಲಾರ್‌ನ ಗ್ಯಾಲರಿಯಲ್ಲಿ ಆತ ಪ್ರದರ್ಶಿಸಿದ ಚಿತ್ರಗಳಲ್ಲಿ ಹಳದಿ, ಕೆಂಪು, ಹಸಿರುಗಳು ಜಾತ್ರೆಯ ಬೀದಿಯಂತೆ ತುಂಬಿದ್ದವು. ಸತ್ತ ಗೆಳೆಯನ ಮುಖವನ್ನೇ ಬರೆದ ಆ ವರ್ಷದ ಒಂದು ಚಿತ್ರದಲ್ಲೂ, ಪಕ್ಕದ ಮೇಣದಬತ್ತಿಯ ಜ್ವಾಲೆ ದಪ್ಪ ದಪ್ಪ ಬಣ್ಣದ ಎಳೆಗಳಲ್ಲಿ ಉರಿಯುತ್ತಿದೆ. ನೀಲಿ ನೆಲೆಯೂರಿದ್ದು ಅನಂತರ, ಆ ವರ್ಷದ ಕೊನೆಯ ತಿಂಗಳುಗಳಲ್ಲಿ. ಗೆಳೆಯನ ನೆನಪೇ ತನ್ನನ್ನು ನೀಲಿಗೆ ಒಯ್ದಿತೆಂದು ಪಿಕಾಸೊ ಮುಂದೆ ಹೇಳಿಕೊಂಡದ್ದುಂಟು, ಆದ್ದರಿಂದ ಆ ಶೋಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶೋಕಕ್ಕೂ ಕ್ಯಾನ್ವಾಸಿಗೂ ನಡುವೆ ತಿಂಗಳುಗಟ್ಟಲೆ ದುಡಿಮೆಯಿತ್ತು, ಬಡತನವಿತ್ತು, ಸೇಂಟ್ ಲಜಾರ್ ಮಹಿಳಾ ಸೆರೆಮನೆಯಲ್ಲಿ ಕಂಡ ಮುಖಗಳಿದ್ದವು, ಹಳೆಯ ಕಾಲದ ಚಿತ್ರಕಾರ ಎಲ್ ಗ್ರೆಕೊ ಬರೆದ ನೀಳ ದೇಹಗಳ ಅಭ್ಯಾಸವಿತ್ತು. ಇವೆಲ್ಲವನ್ನೂ ಬಿಟ್ಟು ಒಂದು ಸಾವಿನ ಸುದ್ದಿಯನ್ನು ಮಾತ್ರ ಇಟ್ಟುಕೊಂಡರೆ ಚಿತ್ರಕಾರನ ಕೆಲಸವೇ ಕಣ್ಣಿಗೆ ಬೀಳುವುದಿಲ್ಲ.

ಇನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳಿ, ಪ್ರತಿ ವರ್ಷವೂ ಮೊದಲಿನಿಂದ ಹೇಳಬೇಕಾಗಿ ಬರುವ ಸಂಗತಿ. ಒಂದು ಬಣ್ಣದ ಭಾವ ಅದರ ನೆರೆಯ ಬಣ್ಣವನ್ನು ಅವಲಂಬಿಸಿರುತ್ತದೆ. ಕಪ್ಪು ಬಿಳುಪು ಮಾತ್ರ ಬೆರೆಸಿದ ಬೂದು ಬಣ್ಣವನ್ನು ಒಂದು ಹಾಳೆಗೆ ಬಳಿದು ಎರಡು ಚೂರು ಕತ್ತರಿಸಿ, ಒಂದನ್ನು ಕಿತ್ತಳೆ ಕಾಗದದ ಮೇಲೂ ಇನ್ನೊಂದನ್ನು ನೀಲಿ ಕಾಗದದ ಮೇಲೂ ಇಟ್ಟು ನೋಡಿ. ಮೊದಲನೆಯದು ನೀಲಿಗೆ ತಿರುಗುತ್ತದೆ, ಎರಡನೆಯದು ಬೆಚ್ಚಗಾಗುತ್ತದೆ. ಚೂರುಗಳನ್ನು ಎತ್ತಿ ಪಕ್ಕಪಕ್ಕ ಹಿಡಿದರೆ ಎರಡೂ ಒಂದೇ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯನ್ನು ನೋಡಿಕೊಳ್ಳುತ್ತಿದ್ದ ಶೆವ್ರೆಲ್, ಕಪ್ಪು ನೂಲು ಮಂಕಾಗಿದೆಯೆಂಬ ದೂರಿನ ಬೆನ್ನುಹತ್ತಿ, ತಪ್ಪು ನೂಲಿನದಲ್ಲ, ಪಕ್ಕದ ಬಣ್ಣದ್ದು ಎಂದು ಕಂಡುಕೊಂಡ. 1839ರಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದ. ನಮ್ಮ ಮೊಳಕಾಲ್ಮೂರಿನ ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಚಿನ ಬಣ್ಣ ಬದಲಾದರೆ ಸೀರೆಯ ಒಡಲೇ ಬೇರೆಯಾಗಿ ಕಾಣುತ್ತದೆಂಬುದು ಮಗ್ಗದ ಮುಂದೆ ಕುಳಿತವರಿಗೆಲ್ಲ ಗೊತ್ತು.

ಈಗ ಶಿಕಾಗೊ ಕಲಾಸಂಗ್ರಹಾಲಯದಲ್ಲಿರುವ, ಪಿಕಾಸೊ 1903–04ರಲ್ಲಿ ಬರೆದ ಮುದಿ ಗಿಟಾರುವಾದಕನ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಕತ್ತು ಬಾಗಿದೆ, ಕಾಲು ಮಡಿಚಿದೆ, ಬಟ್ಟೆ, ಚರ್ಮ, ಹಿನ್ನೆಲೆ ಎಲ್ಲವೂ ನೀಲಿ, ಗಿಟಾರೊಂದೇ ಕಂದು. ಆ ಕಂದನ್ನು ಬೇರೆಯಾಗಿ ತೆಗೆದರೆ ಅದು ಸಾಧಾರಣ ಮಣ್ಣಿನ ಬಣ್ಣ. ಆದರೆ ಅಷ್ಟು ನೀಲಿಯ ನಡುವೆ ಅದು ಒಲೆಯ ಕೆಂಡದಷ್ಟು ಬೆಚ್ಚಗಿದೆ. ಹೆಬ್ಬೆರಳಿನಿಂದ ಗಿಟಾರನ್ನು ಮುಚ್ಚಿ ನೋಡಿ: ಸುತ್ತಲಿನ ನೀಲಿಯೂ ಸಪ್ಪೆಯಾಗುತ್ತದೆ. ಮುದುಕನ ಚಳಿ ನಮಗೆ ತಾಕುವುದು ಆ ಕಂದು ಪಕ್ಕದಲ್ಲಿರುವುದರಿಂದಲೇ.

ಗುಲಾಬಿಯ ವಿಷಯವೂ ಹೀಗೆಯೇ. 1904ರಲ್ಲಿ ಪಿಕಾಸೊ ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿದ್ದ ಬಾತೊ ಲಾವ್ವಾರ್ ಎಂಬ ಹಳೆಯ ಕಟ್ಟಡಕ್ಕೆ ಬಂದು ನೆಲೆಸಿದ, ಆತನ ಪ್ರೇಯಸಿಯಾದ ಫೆರ್ನಾಂದ್ ಒಲಿವಿಯೇಳ ಪರಿಚಯವಾಯಿತು, ಮೆದ್ರಾನೊ ಸರ್ಕಸ್ಸಿನವರು ಚಿತ್ರಗಳೊಳಗೆ ಬಂದರು. ಬಣ್ಣ ಬೆಚ್ಚಗಾಯಿತು, ನಿಜ. ಆದರೆ 1905ರ ಅಲೆಮಾರಿ ಕಲಾವಿದರ ಕುಟುಂಬದ ಆ ಏಳಡಿ ಎತ್ತರದ ಚಿತ್ರದಲ್ಲಿ ಸಂತೋಷ ಎಲ್ಲಿದೆ? ಬರಡು ನೆಲದ ಮೇಲೆ ಆರು ಜನರಿದ್ದಾರೆ, ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣನ್ನು ಸೇರುವುದಿಲ್ಲ, ಟೋಪಿ ಧರಿಸಿದ ಹೆಂಗಸು ಎಲ್ಲರಿಂದ ದೂರ ಒಬ್ಬಳೇ ಕುಳಿತಿದ್ದಾಳೆ, ಹಿಂದಿನ ಆಕಾಶದಲ್ಲಿ ನೀಲಿ ಇನ್ನೂ ಉಳಿದಿದೆ. ಹಂತ ಬದಲಾಗುವುದೆಂದರೆ ಬಣ್ಣದ ಡಬ್ಬಿ ಬದಲಾಯಿಸಿದಂತೆ ಅಲ್ಲ. ಹಳೆಯ ಒಂಟಿತನವೇ ಹೊಸ ಬಣ್ಣದಲ್ಲಿ ಮೆಲುದನಿಯಾಗಿದೆ ಎಂದು ನನಗನ್ನಿಸುತ್ತದೆ. ಇದನ್ನು ಒಪ್ಪದೆ ಬೇರೆ ರೀತಿ ಓದುವವರಿಗೂ ಆಧಾರಗಳಿವೆ. ಬಣ್ಣಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲವೆಂಬುದು ನನ್ನ ವಾದವಲ್ಲ. ಆ ಸಂಬಂಧವನ್ನು ನಿಘಂಟಿನ ಪದ ಮತ್ತು ಅರ್ಥದಂತೆ ಬಾಯಿಪಾಠ ಮಾಡಬಾರದು ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕಳೆದ ವರ್ಷ ಚಳ್ಳಕೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು, ತೀರಿಕೊಂಡ ತನ್ನ ಅಜ್ಜನ ಚಿತ್ರ ಬರೆದು ತಂದಿದ್ದಳು. ಮುಖ, ಗೋಡೆ, ಮಂಚ ಎಲ್ಲವೂ ಪ್ರಶ್ಯನ್ ನೀಲಿ. ಅವಳ ದುಃಖ ನಿಜವಾಗಿತ್ತು, ಚಿತ್ರ ಮಾತ್ರ ಮಾತಾಡುತ್ತಿರಲಿಲ್ಲ. ಅಜ್ಜ ಏನು ಹೊದೆಯುತ್ತಿದ್ದರು ಎಂದು ಕೇಳಿದೆ. ಕಂಬಳಿ ಎಂದಳು. ಕರಿಯದೇ? ಅಲ್ಲ ಸಾರ್, ಬಿಸಿಲಿಗೆ ಮಾಸಿ ಕಂದಾಗಿತ್ತು, ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ತೆಗೆದುಕೊಂಡು ಕಂಬಳಿಯನ್ನಷ್ಟೇ ತಿದ್ದತೊಡಗಿದಳು. ಗೋಡೆಯನ್ನು ಮುಟ್ಟಲಿಲ್ಲ, ಆದರೂ ಕಂಬಳಿಯ ಪಕ್ಕದಲ್ಲಿ ಆ ಗೋಡೆ ಮೊದಲ ಬಾರಿಗೆ ತಣ್ಣಗೆ ಕಂಡಿತು. ಮುಖ ಇನ್ನೂ ಸರಿಬಂದಿಲ್ಲವೆಂದು ಅವಳೇ ಹೇಳಿ, ಅಜ್ಜಿಗೆ ತೋರಿಸಿ ಕೇಳಿಕೊಂಡು ಬರುತ್ತೇನೆಂದು ಕ್ಯಾನ್ವಾಸನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹಿಡಿಯಲು ಹೋದಳು.