ಅರ್ಧ ತಾಸು ಓಡಿ ಸೊರಗುವ ಎಂಜಿನ್

ಮೇ ತಿಂಗಳ ವಿಜಯಪುರ. ಹನ್ನೊಂದು ಗಂಟೆಗೇ ಬಿಸಿಲು 40 ಡಿಗ್ರಿ ಹತ್ತಿರ ಬಂದಿತ್ತು. ಹಳೆಯ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಾರಿನಲ್ಲಿ ಬಾಗಲಕೋಟೆಗೆ ಹೊರಟಿದ್ದೆವು. ಅರ್ಧ ತಾಸು ಒಂದು ತಕರಾರೂ ಇಲ್ಲ. ಇನ್ನೇನು ಕೊಲ್ಹಾರ ಬಂತು ಅನ್ನುವಾಗ ಒಂದು ಸಣ್ಣ ಏರು, ಅಲ್ಲಿ ಎಕ್ಸಲೇಟರ್ ಎಷ್ಟು ಒತ್ತಿದರೂ ಪಿಕಪ್ ಇಲ್ಲ. ನಾಲ್ಕನೇ ಗೇರಿನಿಂದ ಮೂರು, ಮೂರರಿಂದ ಎರಡು. ಟೆಂಪರೇಚರ್ ಮುಳ್ಳು ಮಾತ್ರ ನಡುವೆಯೇ ನಿಂತಿತ್ತು. ಅಂದರೆ ಎಂಜಿನ್ ಅತಿಯಾಗಿ ಕಾದಿರಲಿಲ್ಲ, ಎಷ್ಟು ಬಿಸಿಯಾಗಬೇಕೋ ಅಷ್ಟೇ ಆಗಿತ್ತು.

ಪಕ್ಕದಲ್ಲಿ ನಿಲ್ಲಿಸಿದಾಗ ಲಾರಿಯ ಡ್ರೈವರ್ ಕಾಕಾ ಒಬ್ಬರು ಇಳಿದು ಬಂದರು. "ಪಂಪಿಗೆ ಗಾಳಿ ಹಿಡದೈತ್ರಿ. ಹಸಿ ಅರಬಿ ಸುತ್ತಿ ಅರ್ಧ ತಾಸ್ ಕುಂದರ್ರಿ" ಅಂದರು. ಪೆಟ್ರೋಲು ಎಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹಾಗೇ ಮಾಡಿದೆವು. ಆಮೇಲೆ ಗಾಡಿ ಸಲೀಸಾಗಿ ಕೊಲ್ಹಾರದ ಸೇತುವೆ ದಾಟಿತು. ರೋಗ ಗೊತ್ತಾಯಿತು ಅಂದುಕೊಂಡೆವು.

ಆದರೆ ನಿಜಕ್ಕೂ ಗೊತ್ತಾಗಿತ್ತಾ? ಪಂಪಿಗೆ ಅರಬಿ ಸುತ್ತಿದೆವು, ಜೊತೆಗೆ ಅರ್ಧ ತಾಸು ಕಾದೆವು. ಆ ಅರ್ಧ ತಾಸಿನಲ್ಲಿ ತಣ್ಣಗಾದದ್ದು ಪಂಪ್ ಒಂದೇ ಅಲ್ಲ. ಕಿಡಿಗೆ ವಿದ್ಯುತ್ತು ಕೊಡುವ ಕಾಯಿಲ್, ಕಾರ್ಬುರೇಟರ್, ವಾಲ್ವುಗಳು ಎಲ್ಲವೂ ಅಷ್ಟಿಷ್ಟು ತಣಿದಿದ್ದವು. ಇವುಗಳಲ್ಲಿ ಯಾವುದು ತಣಿದದ್ದಕ್ಕೆ ಗಾಡಿ ಸರಿಹೋಯಿತು ಅನ್ನೋದು ಇದರಿಂದ ತಿಳಿಯೋದೇ ಇಲ್ಲ. ಬಿಸಿಯಾದಾಗ ಮಾತ್ರ ಬರುವ ದೋಷದ ಕಷ್ಟ ಇರೋದೇ ಇಲ್ಲಿ. ಗ್ಯಾರೇಜಿಗೆ ಒಯ್ದು ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಮೇಸ್ತ್ರಿ ನೋಡುವ ಹೊತ್ತಿಗೆ ಗಾಡಿಯಲ್ಲಿ ದೋಷವೇ ಇರುವುದಿಲ್ಲ. ಪಾಪ, ಅವರೂ ಏನು ಮಾಡಿಯಾರು? ಪ್ಲಗ್ ಬದಲಿಸುತ್ತಾರೆ, ಫಿಲ್ಟರ್ ಬದಲಿಸುತ್ತಾರೆ, ಕಾರ್ಬುರೇಟರ್ ಬಿಚ್ಚಿ ತೊಳೆಯುತ್ತಾರೆ. ನಮ್ಮ ಗಾಡಿಗೂ ಇವೆಲ್ಲ ಆಗಿದ್ದವು.

ಹಾಗಾಗಿ ಈ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು, ತಣ್ಣಗಾಗುವ ಮೊದಲು. ಎಂಜಿನ್ನಿಗೆ ಬೇಕಾದ್ದು ಮೂರೇ: ಪೆಟ್ರೋಲು, ಕಿಡಿ, ಉಸಿರು. ಯಾವುದು ಕಡಿಮೆಯಾಯಿತು ಅನ್ನೋದನ್ನು ಗಾಡಿ ಸೊರಗುವ ರೀತಿಯೇ ಅರ್ಧ ಹೇಳುತ್ತದೆ. ಪೆಟ್ರೋಲು ಸಾಲದಿದ್ದರೆ ಶಕ್ತಿ ಮೆಲ್ಲಗೆ ಬತ್ತುತ್ತಾ ಹೋಗುತ್ತದೆ. ಆಗ ಗಾಳಿ ತಗ್ಗಿಸಿ ಪೆಟ್ರೋಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದು ನೋಡಿ, ಒಂದು ಗಳಿಗೆ ಚೇತರಿಸಿದರೆ ಅನುಮಾನ ಪೆಟ್ರೋಲಿನ ಮೇಲೆ. ಕಿಡಿ ತಪ್ಪಿದರೆ ಸಾಮಾನ್ಯವಾಗಿ ಜರ್ಕ್ ಹೊಡೆಯುತ್ತದೆ, ಮಿಸ್ಸಿಂಗ್ ಕೇಳಿಸುತ್ತದೆ. ಸೈಲೆನ್ಸರ್ ಕಡೆ ಕಟ್ಟಿಕೊಂಡಿದ್ದರೆ ಜರ್ಕ್ ಇರುವುದಿಲ್ಲ, ಯಾರೋ ಮೂಗು ಒತ್ತಿ ಹಿಡಿದ ಹಾಗೆ ಎಂಜಿನ್ ಮೇಲಕ್ಕೇ ಏಳುವುದಿಲ್ಲ.

ಕಾಕಾ ಹೇಳಿದ್ದು ಆಗದ ಮಾತೇನಲ್ಲ. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ದ್ರವಗಳ ಮಿಶ್ರಣ, ಅದರಲ್ಲಿ ಹಗುರಾದವು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತವೆ. ಹಳೆಯ ಗಾಡಿಗಳಲ್ಲಿ ಪಂಪ್ ಎಂಜಿನ್ನಿಗೇ ಅಂಟಿಕೊಂಡು ಕೂತು ಹಿಂದಿನ ಟ್ಯಾಂಕಿನಿಂದ ಪೆಟ್ರೋಲು ಎಳೆಯುತ್ತದೆ. ಎಳೆಯುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಕುದಿಯೋದು ಇನ್ನೂ ಬೇಗ. ಪೈಪಿನಲ್ಲಿ ಆವಿ ತುಂಬಿದರೆ ಪಂಪ್ ಸುಮ್ನೆ ಆವಿಯನ್ನೇ ಹಿಂಡುತ್ತಾ ಇರುತ್ತದೆ. ಕಾರ್ಬುರೇಟರ್ ಬದಲು ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಕಾರುಗಳಲ್ಲಿ ಇದು ಕಡಿಮೆ, ಅಲ್ಲಿ ಪಂಪ್ ಟ್ಯಾಂಕಿನ ಒಳಗಿದ್ದು ಹೆಚ್ಚಿನ ಒತ್ತಡದಲ್ಲಿ ತಳ್ಳುತ್ತದೆ. 2023ರಿಂದ ಹಂತಹಂತವಾಗಿ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬರುತ್ತಿದೆಯಲ್ಲ, ನಮ್ಮ ಕಡೆಯ ಕಬ್ಬಿನ ಕಾರ್ಖಾನೆಗಳಲ್ಲೂ ತಯಾರಾಗುವಂಥದ್ದು, ಅದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ. ಹಳೆಯ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲು ಬಿಡುವ ಸಣ್ಣ ತೂತು, ಇದಕ್ಕೆ ತಕ್ಕಂತೆ ತಾನೇ ಬದಲಾಗುವುದಿಲ್ಲ. ಇನ್ನೊಂದು ಸುಲಭದ ಪರೀಕ್ಷೆ: ಗಾಡಿ ಸೊರಗಿದ ಕೂಡಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಹುಸ್ ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಚೆನ್ನಾಗಿ ಓಡಿದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ ಎಂದರ್ಥ.

ನಮ್ಮ ಗಾಡಿಯಲ್ಲಿ ಮುಂದಿನ ಸಲ ಚೋಕ್ ಎಳೆದರೆ ಏನೂ ಆಗಲಿಲ್ಲ. ಮುಚ್ಚಳ ತೆಗೆದರೂ ಇಲ್ಲ. ಸೊರಗುವಾಗ ಸಣ್ಣದಾಗಿ ಜರ್ಕ್ ಇತ್ತು, ಅದೂ ಏರಿನಲ್ಲಿ ಮಾತ್ರ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಎಂಜಿನ್ ಸದ್ದಿಲ್ಲದೆ ತಿರುಗುತ್ತಿತ್ತು. ಅಂದರೆ ಅನುಮಾನ ಕಿಡಿಯ ಮೇಲೆ. ನನಗೆ ತುಂಬಾ ಇಷ್ಟವಾಗುವ ವಿಷಯ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇರುತ್ತದೆ. ಅದನ್ನು ಕಿಡಿ ಹಾರಿ ದಾಟಬೇಕು. ಎಷ್ಟು ವೋಲ್ಟ್ ಬೇಕು ಅನ್ನೋದು ಸಂದಿನ ಅಗಲವನ್ನೂ ಅಲ್ಲಿನ ಅನಿಲದ ಒತ್ತಡವನ್ನೂ ಅವಲಂಬಿಸಿದೆ. ಇದನ್ನು 1889ರಲ್ಲಿ ಜರ್ಮನಿಯ ಫ್ರೆಡ್ರಿಕ್ ಪಾಶೆನ್ ತೋರಿಸಿದರು. ಎಂಜಿನ್ ಸುಮ್ನೆ ತಿರುಗುವಾಗ ಸಿಲಿಂಡರಿನೊಳಗೆ ಸ್ವಲ್ಪವೇ ಮಿಶ್ರಣ, ಒತ್ತಡ ಕಡಿಮೆ, ಸೊರಗಿದ ಕಿಡಿಯೂ ದಾಟುತ್ತದೆ. ಏರಿನಲ್ಲಿ ಎಕ್ಸಲೇಟರ್ ಒತ್ತಿದಾಗ ಸಿಲಿಂಡರ್ ತುಂಬಿ ಒತ್ತಡ ಜಾಸ್ತಿಯಾಗುತ್ತದೆ, ಹೆಚ್ಚು ವೋಲ್ಟ್ ಬೇಕಾಗುತ್ತದೆ, ಅಲ್ಲೇ ಕಿಡಿ ಸೋಲುತ್ತದೆ.

ಆ ವೋಲ್ಟ್ ಕೊಡುವುದು ಕಾಯಿಲ್. ಬ್ಯಾಟರಿಯ 12 ವೋಲ್ಟನ್ನು 20,000ಕ್ಕೂ ಮೇಲೆ ಏರಿಸುವ ಡಬ್ಬಿ, ಒಳಗೆ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ತಾಮ್ರ ಬಿಸಿಯಾದರೆ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.39ರಂತೆ ಅದರ ರೋಧ ಏರುತ್ತದೆ. 20 ಡಿಗ್ರಿಯಿಂದ 100ಕ್ಕೆ ಹೋದರೆ ಶೇಕಡಾ 31 ಹೆಚ್ಚು. ಒಳ್ಳೆಯ ಕಾಯಿಲ್ ಇಷ್ಟನ್ನು ತಾಳಿಕೊಳ್ಳುತ್ತದೆ. ಹಳೆಯದರಲ್ಲಿ ತಂತಿಯ ಮೇಲಿನ ತೆಳು ಲೇಪ ಅಲ್ಲಲ್ಲಿ ಸವೆದಿರುತ್ತದೆ, ಬಿಸಿಗೆ ಇನ್ನಷ್ಟು ಸೋಲುತ್ತದೆ, ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಒಳಗೇ ಅಡ್ಡದಾರಿ ಹಿಡಿಯುತ್ತದೆ. ಮಲ್ಟಿಮೀಟರ್ ಹಿಡಿದರೆ ರೀಡಿಂಗ್ ಸರಿಯಾಗೇ ಬರಬಹುದು, ಯಾಕೆಂದರೆ ಮೀಟರ್ ಕಳಿಸೋದು ಕೆಲವೇ ವೋಲ್ಟ್, ಲೇಪ ಸೋಲೋದು ಸಾವಿರಾರು ವೋಲ್ಟಿಗೆ.

ಮೂರನೇ ಸಲ ಅದೇ ಏರಿನಲ್ಲಿ ಸೊರಗಿದಾಗ ಎಂಜಿನ್ ನಿಲ್ಲಿಸಿ, ಹಸಿ ಅರಬಿಯನ್ನು ಚೆನ್ನಾಗಿ ಹಿಂಡಿ ಕಾಯಿಲಿನ ಮೈಗೆ ಮಾತ್ರ ಸುತ್ತಿದೆವು. ಮೇಲಿನ ದಪ್ಪ ವೈರಿನ ಕಡೆ ಒಂದು ಹನಿಯೂ ತಾಕಬಾರದು, ಎಂಜಿನ್ ಓಡುವಾಗ ಅದನ್ನು ಮುಟ್ಟಲೇಬಾರದು. ಮೂರು ನಿಮಿಷ ಅಷ್ಟೇ. ಪಂಪನ್ನು ಮುಟ್ಟಲಿಲ್ಲ. ಅರಬಿ ತೆಗೆದು ಹೊರಟರೆ ಗಾಡಿ ಏರು ಹತ್ತಿತು, ಮತ್ತೆ ಹತ್ತು ನಿಮಿಷಕ್ಕೆ ಸೊರಗಿತು. ಪಂಪಿಗೆ ಅರಬಿ ಸುತ್ತಿ ಅಷ್ಟೇ ಮೂರು ನಿಮಿಷ ನಿಂತರೆ ಏನೂ ಆಗಲಿಲ್ಲ. ಮನೆಗೆ ಬಂದು ಕಾಯಿಲ್ ಒಂದನ್ನೇ ಬದಲಿಸಿದೆವು.

ನಿಮ್ಮ ಗಾಡಿಯಲ್ಲಿ ಬೇರೆಯೇ ಇರಬಹುದು. ವಾಲ್ವನ್ನು ತಳ್ಳುವ ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವಿನ ದಂಡ ಬಿಸಿಗೆ ಉದ್ದವಾಗಿ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ, ಆಗ ಕಂಪ್ರೆಷನ್ನನ್ನು, ಅಂದರೆ ಸಿಲಿಂಡರಿನ ಒತ್ತಡವನ್ನು, ಬಿಸಿ ಎಂಜಿನ್ನಿನಲ್ಲೇ ಅಳೆಯಬೇಕು. ಇಂಜೆಕ್ಷನ್ ಕಾರಾದರೆ ಎಂಜಿನ್ ಬಿಸಿಯಾದ ಮೇಲೆಯೇ ಕಂಪ್ಯೂಟರು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಮಾತು ಕೇಳಲು ಶುರು ಮಾಡುತ್ತದೆ, ಸೆನ್ಸರ್ ಕೆಟ್ಟಿದ್ದರೆ ಅಲ್ಲಿಂದಲೇ ತೊಂದರೆ.

ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗಿನ ಜೇನುಗೂಡು ಕರಗಿ ಕಟ್ಟಿದ್ದರೆ, ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹೇಳುತ್ತದೆ. ನಿಮಿಷಕ್ಕೆ 2,500 ಸುತ್ತಿನಲ್ಲಿ ಹಿಡಿದು ನಿಂತರೆ ಮುಳ್ಳು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಒಂದು ಎಚ್ಚರ: ಪುಸ್ತಕದಲ್ಲಿ ಕೊಡುವ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ), ಎಂಜಿನ್ ಸುಮ್ನೆ ತಿರುಗುವಾಗ ಸಮುದ್ರಮಟ್ಟದಲ್ಲಿ ಬರುವ ಲೆಕ್ಕ. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಎರಡು ಇಂಚು ಕಡಿಮೆ ತೋರಿಸಿದರೆ ಗಾಡಿ ಸರಿಯಾಗೇ ಇದೆ.